ಅಡ್ಡಗದ್ದೆಗೆ ಎಷ್ಟು ಬೈಟ್?

ಮಲೆನಾಡಿನಿಂದ ಮಂಡಿಗೆ ಹೋಗುವ ಅಡಿಕೆ ಮೂಟೆಯಲ್ಲಿ ಇರುವುದು ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂಬುದು ಮೊದಲು ಗೊತ್ತಾಗಬೇಕು. ದರದ ಮಾತು ಆಮೇಲೆ. ಕಂಪ್ಯೂಟರುಗಳ ನಡುವೆ ಓಡಾಡುವ ಕಡತಗಳ ಪಾಡೂ ಇದೇ. ಬಂದದ್ದು ಬರಹವೋ ಚಿತ್ರವೋ ಹಾಡೋ ಎಂದು ಯಂತ್ರಕ್ಕೆ ಮೊದಲೇ ಹೇಳುವ ಹಣೆಪಟ್ಟಿಯೊಂದು ಜೊತೆಗಿರುತ್ತದೆ. ಇ-ಮೇಲ್‌ಗಾಗಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ರೂಪಿಸಿದ 'ಮೈಮ್' ಪದ್ಧತಿಯ ಹಣೆಪಟ್ಟಿ ಇದು. ವೆಬ್ ಅದನ್ನೇ ಎರವಲು ಪಡೆಯಿತು. ಸಾಮಾನ್ಯ ವೆಬ್ ಪುಟದ ಪಟ್ಟಿ 'ಟೆಕ್ಸ್ಟ್/ಎಚ್‌ಟಿಎಂಎಲ್'.

ಮೊಬೈಲಿಗೆ ಈ ಪುಟಗಳು ಭಾರವಾದವು. ನೋಕಿಯಾ, ಎರಿಕ್ಸನ್, ಮೋಟೊರೋಲಾ ಮತ್ತು ಅನ್‌ವೈರ್ಡ್ ಪ್ಲಾನೆಟ್ 1997ರಲ್ಲಿ ಸೇರಿ 'ವ್ಯಾಪ್' ಎಂಬ ಹೊಸ ದಾರಿ ಹುಡುಕಿದವು. ಅದರ ಪುಟಗಳು ಡಬ್ಲ್ಯುಎಂಎಲ್ ಎಂಬ ಭಾಷೆಯಲ್ಲಿದ್ದವು. ಅಲ್ಲಿ ಪುಟವೆಂದರೆ ಇಸ್ಪೀಟಿನ ಕಟ್ಟು. ಪರದೆಯ ಮೇಲೆ ಒಮ್ಮೆಗೆ ಕಾಣುವುದು ಒಂದೇ ಎಲೆ. ಹಣೆಪಟ್ಟಿಯೂ ಬೇರೆ: 'ಟೆಕ್ಸ್ಟ್/ವಿಎನ್‌ಡಿ.ವ್ಯಾಪ್.ಡಬ್ಲ್ಯುಎಂಎಲ್'. ಸರ್ವರ್ ನೋಡಿಕೊಳ್ಳುವವರು ಈ ಸಾಲನ್ನು ಸೇರಿಸಲು ಮರೆತರೆ ಪುಟ ಬರೀ 'ಸಾದಾ ಬರಹ' ಎಂಬ ಹೆಸರಿನಲ್ಲಿ ಹೊರಡುತ್ತಿತ್ತು. ಒಳಗೆ ಎಲ್ಲವೂ ಸರಿಯಿದ್ದರೂ ಫೋನು ಅದನ್ನು ತೆರೆಯುತ್ತಿರಲಿಲ್ಲ.

ಕನ್ನಡದ ತೊಡಕು ಇನ್ನೂ ಒಳಗಿನದು. ಹಣೆಪಟ್ಟಿಯ ಕೊನೆಯಲ್ಲಿ, ಬರಹ ಯಾವ ಸಂಕೇತ ಪದ್ಧತಿಯಲ್ಲಿದೆ ಎಂದೂ ಹೇಳಬಹುದು. ಡಬ್ಲ್ಯುಎಂಎಲ್‌ನ ಮೂಲ ಅಕ್ಷರಮಾಲೆ ಯುನಿಕೋಡ್‌ನದೇ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅಂದರೆ ಕಾಗದದ ಮೇಲೆ ಕನ್ನಡಕ್ಕೆ ಬಾಗಿಲು ತೆರೆದೇ ಇತ್ತು.

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಹೆಸರನ್ನೇ ತೆಗೆದುಕೊಳ್ಳಿ. ರೋಮನ್ ಲಿಪಿಯಲ್ಲಿ ಬರೆದರೆ 9 ಅಕ್ಷರ, 9 ಬೈಟ್. ಕನ್ನಡದಲ್ಲೂ ಯುನಿಕೋಡ್ ಲೆಕ್ಕದ ಸಂಕೇತಗಳು 9. ಆದರೆ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27. ಕಟ್ಟೊಂದಕ್ಕೆ ಸುಮಾರು 1,400 ಬೈಟ್ ಮಿತಿಯಿದ್ದ ಫೋನುಗಳ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೂ ಗಾತ್ರವನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಒತ್ತಕ್ಷರದ್ದೇ ದೊಡ್ಡ ಕಷ್ಟ. ಡಕಾರದ ಕೆಳಗೆ ಡಕಾರ, ದಕಾರದ ಕೆಳಗೆ ದಕಾರ ಕೂರಿಸುವ ವಿದ್ಯೆ ಫೋನಿಗೆ ಗೊತ್ತಿಲ್ಲದಿದ್ದರೆ ಊರು 'ಅಡ್‌ಡಗದ್‌ದೆ' ಆಗುತ್ತದೆ. ಅಕ್ಷರರೂಪವೇ ಫೋನಿನಲ್ಲಿ ಇಲ್ಲದಿದ್ದರೆ ಬರೀ ಚೌಕಗಳು. ಹಣೆಪಟ್ಟಿ ಎಷ್ಟೇ ಸತ್ಯ ಹೇಳಿದರೂ ಅಕ್ಷರ ಬಿಡಿಸುವ ಕೆಲಸ ಅದರದಲ್ಲ.

ಕಂಪ್ಯೂಟರಿನಲ್ಲಿ ಕನ್ನಡಿಗರು ಆಗ ಬೇರೆ ಉಪಾಯ ಕಂಡುಕೊಂಡಿದ್ದರು: ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವ ಫಾಂಟ್. ಹಣೆಪಟ್ಟಿಯಲ್ಲಿ ರೋಮನ್, ಒಳಗೆ ಕನ್ನಡ. ಒಂದು ಬಗೆಯ ಸುಳ್ಳು ಚೀಟಿಯೇ ಸರಿ. ಆದರೆ ಆ ಸುಳ್ಳಿನಿಂದಲೇ ಅಂದು ಕನ್ನಡ ವೆಬ್ಬಿಗೆ ಬಂತು ಎಂಬುದನ್ನು ಮರೆಯಬಾರದು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಮಾತ್ರ ಅದೇ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತಿತ್ತು.

ಉಳಿದದ್ದು ಚಿತ್ರದ ದಾರಿ. ವ್ಯಾಪ್‌ಗೆ 'ಡಬ್ಲ್ಯುಬಿಎಂಪಿ' ಎಂಬ ತನ್ನದೇ ಚಿತ್ರವಿಧವಿತ್ತು: ಬರೀ ಕಪ್ಪು ಮತ್ತು ಬಿಳಿ, ಚುಕ್ಕೆಗೆ ಒಂದು ಬಿಟ್. 1999ರ ನೋಕಿಯಾ 7110ರ ಪರದೆ 96 ಚುಕ್ಕೆ ಅಗಲ, 65 ಚುಕ್ಕೆ ಎತ್ತರ. ಲೆಕ್ಕ ಹಾಕಿದರೆ ಪರದೆ ತುಂಬ ಚಿತ್ರಕ್ಕೆ 780 ಬೈಟ್ ಸಾಕು. ಕನ್ನಡವನ್ನು ಅದರಲ್ಲಿ ಬಿಡಿಸಿ ಕಳಿಸಬಹುದಿತ್ತು, ಆದರೆ ಅಂಥ ಬರಹದೊಳಗೆ ಪದ ಹುಡುಕಲಾಗದು. ಮುಂದೆ ಒಪೇರಾ ಮಿನಿ ಇದೇ ದಾರಿಯನ್ನು ಚೊಕ್ಕಟ ಮಾಡಿತು. ತೊಡಕಿನ ಲಿಪಿಗಳನ್ನು ತನ್ನ ಸರ್ವರಿನಲ್ಲೇ ಚಿತ್ರವಾಗಿಸಿ ಕಳಿಸುವ ಆಯ್ಕೆ ಅದರಲ್ಲಿತ್ತು.

ಕಂಪ್ಯೂಟರಿಗೆ 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ', ಶೃಂಗೇರಿಯ ಹೊಳೆಯದೇ ಹೆಸರು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಯುನಿಕೋಡ್‌ನಲ್ಲಿ ಜಾಗ ಸಿಕ್ಕಿ ಅಷ್ಟರಲ್ಲಿ 21 ವರ್ಷ ಕಳೆದಿತ್ತು, ವ್ಯಾಪ್ ಮೂಲೆ ಸೇರಿತ್ತು. ಅಪಾಚೆ ಸರ್ವರಿನ ವಿಧಗಳ ಪಟ್ಟಿಯಲ್ಲಿ ಡಬ್ಲ್ಯುಎಂಎಲ್‌ನ ಹಣೆಪಟ್ಟಿ ಮಾತ್ರ ಇನ್ನೂ ಉಳಿದಿದೆ.