ನೀರು ಯಾರ ಗದ್ದೆಗೆ? ಕುಂದಾಪುರ ಸೀಮೆಯ ಮಣ್ಣು ನೀರಿನ ಚರಿತ್ರೆ

ಮಣ್ಣು ಮತ್ತು ನೀರಿನ ನಿರ್ವಹಣೆ ಅಂತ ವಿಶ್ವವಿದ್ಯಾಲಯಗಳಲ್ಲಿ ಒಂದು ಶಾಸ್ತ್ರ ಕಲಿಸುತ್ತಾರೆ. ನಮ್ಮ ಬ್ರಹ್ಮಾವರದಲ್ಲೇ ಕರಾವಳಿ ವಲಯದ ಕೃಷಿ ಸಂಶೋಧನಾ ಕೇಂದ್ರ ಇದೆ. ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು, 2012ರಲ್ಲಿ ಶಿವಮೊಗ್ಗದಲ್ಲಿ ಹೊಸ ವಿಶ್ವವಿದ್ಯಾಲಯ ಆದ ಮೇಲೆ ಅದರ ಕೈಗೆ ಹೋಯಿತು. ಮಣ್ಣಿನಲ್ಲಿ ಹುಳಿ ಎಷ್ಟು, ಸುರಿದ ಮಳೆಯಲ್ಲಿ ಇಂಗಿದ್ದೆಷ್ಟು, ಹರಿದು ಕಡಲು ಸೇರಿದ್ದೆಷ್ಟು ಎಂಬ ಲೆಕ್ಕ ಅಲ್ಲಿ ಹಾಕುತ್ತಾರೆ. ಹಾಕಲಿ, ಬೇಕಾದ ಲೆಕ್ಕವೇ. ಆದರೆ ಆ ಮಣ್ಣು ಯಾರ ಹೆಸರಿನಲ್ಲಿತ್ತು, ಆ ನೀರು ಯಾರ ಗದ್ದೆಗೆ ಹೋಯಿತು ಎಂಬ ಲೆಕ್ಕವನ್ನು ಯಾವ ಪ್ರಯೋಗಶಾಲೆಯೂ ಹಾಕುವುದಿಲ್ಲ. ಅದನ್ನು ನಾವೇ ಹಾಕಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ರೈತ ಭೂಮಿಯನ್ನು ಮೂರು ಹೆಸರಿನಿಂದ ಕರೆಯುತ್ತಾನೆ. ತೋಡಿನ ಬದಿಯಲ್ಲಿ, ತಗ್ಗಿನಲ್ಲಿ, ಎರಡು ಮೂರು ಬೆಳೆ ಕೊಡುವುದು ಬೈಲು. ಅದರ ಮೇಲಿನದು ಮಜಲು. ಇನ್ನೂ ಮೇಲೆ, ಮಳೆಯೊಂದನ್ನೇ ನಂಬಿ ಒಂದೇ ಬೆಳೆ ಕಾಣುವುದು ಬೆಟ್ಟು. ಸರ್ಕಾರ ತೀರ್ವೆ ಕಟ್ಟಿದ್ದೂ ಈ ಹೆಸರುಗಳ ಮೇಲೆಯೇ. ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಕಾಲಿಂದ ಕಂಡುಕೊಂಡವರ ಮಾತು ಇದು. ಗದ್ದೆಗೆ ಇಳಿದದ್ದು ಯಾರ ಕಾಲು? ಪಟ್ಟೆದಾರನದ್ದಲ್ಲ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಈ ದಾರಿಯಲ್ಲಿ ಹಾದುಹೋದ. ನಮ್ಮ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಅವನೇ. ಹೆಸರು ಕೊಟ್ಟದ್ದು ಮಲಬಾರಿನ ಕಲ್ಲನ್ನು ನೋಡಿ, ಪುಸ್ತಕ ಬಂದದ್ದು 1807ರಲ್ಲಿ. ಲ್ಯಾಟಿನ್‌ನಲ್ಲಿ ಅದರ ಅರ್ಥ ಇಟ್ಟಿಗೆ. ಜನ ಆ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ನೋಡಿ ಆ ಹೆಸರಿಟ್ಟ. ಅಂದರೆ ಭೂಗರ್ಭಶಾಸ್ತ್ರದ ಒಂದು ದೊಡ್ಡ ಶಬ್ದ ಕಲ್ಲು ಕಡಿಯುವ ಕೂಲಿಯ ಕೈಕೆಲಸದಿಂದ ಹುಟ್ಟಿತು. ಅದೇ ಪ್ರವಾಸಕಥನದಲ್ಲಿ ಕನ್ನಡ ಜಿಲ್ಲೆಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸಂಗತಿಯೂ ಇದೆ. ಮೂಲದಾಳುಗಳು ಅಂತ ನಮ್ಮವರು ಕರೆಯುತ್ತಿದ್ದದ್ದು ಅವರನ್ನೇ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಮೂಲದಾಳಿನ ಪದ್ಧತಿ ಅಷ್ಟು ಬೇಗ ಗದ್ದೆ ಬಿಟ್ಟು ಹೋಗಲಿಲ್ಲ.

ಈಗ ಕುಮ್ಕಿಯ ವಿಷಯ. ಮುರಕಲ್ಲಿನ ಮಣ್ಣು ಬಡಮಣ್ಣು. ಜಡಿಮಳೆಗೆ ಅದರ ಸತ್ವ ತೊಳೆದುಹೋಗುತ್ತದೆ. ಪ್ರತಿವರ್ಷ ಹಾಡಿಯ ಸೊಪ್ಪು ತಂದು ಹಟ್ಟಿಗೆ ಹಾಸಿ, ಗೊಬ್ಬರ ಮಾಡಿ, ಗದ್ದೆಗೆ ಹೊತ್ತು ಹಾಕದಿದ್ದರೆ ಬೆಳೆ ಇಲ್ಲ. ಗದ್ದೆಯ ಜೀವ ಹಾಡಿಯಲ್ಲಿದೆ ಎನ್ನುವುದು ಬ್ರಿಟಿಷರಿಗೆ ಗೊತ್ತಿತ್ತು. ಅದಕ್ಕೇ ಕದೀಂ ವರ್ಗದ ಭೂಮಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದ ಸೊಪ್ಪು, ಸೌದೆ, ಹುಲ್ಲಿನ ಸೌಲಭ್ಯ ವರ್ಗದಾರನಿಗೆ ಎಂದು ನಿಯಮ ಮಾಡಿದರು. ಇದೇ ಕುಮ್ಕಿ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಸೆಕ್ಷನ್ ಈ ಸೌಲಭ್ಯವನ್ನು ಹಾಗೆಯೇ ಉಳಿಸಿತು. (ಇಲ್ಲಿ ‘ವರ್ಗ’ ಅಂದರೆ ಲೆಕ್ಕದ ಹಾಳೆ, ಅರಬ್ಬಿಯಿಂದ ಬಂದ ಮಾತು. ನಾವು ಇನ್ನೊಂದು ಅರ್ಥದಲ್ಲಿ ಓದಿದರೂ ಅಂಥ ತಪ್ಪೇನಾಗದು.) ಸೊಪ್ಪು ಕಡಿದವಳು, ಹೊತ್ತವಳು, ಹರಡಿದವಳು ಕೂಲಿಯ ಹೆಂಗಸು. ಅವಳು ತನ್ನ ಒಲೆಗೆ ಒಂದು ಹೊರೆ ಸೌದೆ ತಂದರೆ ಕುಮ್ಕಿದಾರ ಕೇಳಬಹುದು: ಯಾರನ್ನು ಕೇಳಿ ತಂದೆ? ಇದೂ ಒಂದು ಮಣ್ಣಿನ ನೀತಿಯೇ ತಾನೆ?

ಈಗಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. ಚೋಮನ ಹತ್ತಿರ ಎತ್ತು ಇದ್ದವು, ಉಳುವ ಆಸೆ ಇತ್ತು, ಭೂಮಿ ಇರಲಿಲ್ಲ. ಹೊಲೆಯ ಬೇಸಾಯಗಾರ ಆಗಬಾರದು ಎಂಬುದೇ ಕಟ್ಟಳೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಈ ಸೀಮೆಯನ್ನು ಅಲ್ಲಾಡಿಸಿದ್ದು ನಿಜ. ಎಷ್ಟೋ ಗೇಣಿ ಒಕ್ಕಲುಗಳು ಗದ್ದೆಯ ಒಡೆಯರಾದರು. ಅದನ್ನು ಹಗುರ ಮಾಡಿ ಮಾತಾಡುವುದು ತಪ್ಪು. ಆದರೆ ಅರ್ಜಿ ಹಾಕಲು ಗೇಣಿ ಇರಬೇಕಿತ್ತು. ಚೋಮನಂಥವನಿಗೆ ಗೇಣಿ ಎಲ್ಲಿಂದ? ಹೆಚ್ಚೆಂದರೆ ಗುಡಿಸಲಿನ ಅಡಿಯ ಜಾಗ ಸಿಕ್ಕಿತು. ಕೊರಗರಿಗೆ ಅದೂ ಕಷ್ಟ. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದು ಮಹಮ್ಮದ್ ಪೀರ್ ವರದಿ ಹೇಳಿದ್ದು 1990ರ ದಶಕದಲ್ಲಿ.

ನೀರಿನ ಕಥೆ ವಾರಾಹಿಯದು. 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ವರ್ಷವೇ, ವಾರಾಹಿ ನೀರಾವರಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅಂದಾಜು 9.43 ಕೋಟಿ ರೂಪಾಯಿ, ಗುರಿ 15,702 ಹೆಕ್ಟೇರ್. ಹೊಸಂಗಡಿಯಲ್ಲಿ ವಿದ್ಯುತ್ತು ಮಾಡಿ ಬಿಟ್ಟ ನೀರನ್ನು ಕಾಲುವೆಗೆ ತಿರುಗಿಸುವುದು. ಕರೆಂಟು 1989ರಲ್ಲಿ ಬಂತು. ಕಾಲುವೆಗೆ ನೀರು ಬಂದದ್ದು 2015ರಲ್ಲಿ! ಖರ್ಚು ನೂರಾರು ಕೋಟಿ ದಾಟಿತ್ತು. ವಾರಾಹಿ ನೀರು ಬಂದರೆ ಕಬ್ಬು ಬೆಳೆಯಬಹುದು ಎಂದು ನಂಬಿ ಬ್ರಹ್ಮಾವರದಲ್ಲಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಎಂತ ಯೋಜನೆ ಮಾರಾಯ್ರೆ ಇದು!

ವಿಳಂಬದ ಬಗ್ಗೆ ಎಲ್ಲ ಪಕ್ಷದವರೂ ಭಾಷಣ ಮಾಡಿದ್ದಾರೆ. ಹೆಕ್ಟೇರಿನಲ್ಲಿ ಅಳೆಯುವ ನೀರು ಹೆಕ್ಟೇರು ಇದ್ದವನ ಕಡೆಗೇ ಹರಿಯುತ್ತದೆ ಎನ್ನುವುದನ್ನು ಮಾತ್ರ ಭಾಷಣದಲ್ಲಿ ಕೇಳಲಿಲ್ಲ. ಐದು ಸೆಂಟ್ಸಿನ ಕಾಲೊನಿಗೆ ಕಾಲುವೆಯಿಂದ ಏನು ಬರುತ್ತದೆ? ಏಪ್ರಿಲ್ ಮೇಯಲ್ಲಿ ಅಲ್ಲಿಯವರಿಗೆ ಬೇಕಾದದ್ದು ಕೊಡಪಾನದ ಲೆಕ್ಕದ ನೀರು. ಮುರಕಲ್ಲಿನ ದಿಬ್ಬದ ಮೇಲೆ ಬಾವಿ ಬತ್ತುವುದು ಬೇಗ. ದಿಬ್ಬದ ಮೇಲೆ ಕಾಲೊನಿ ಮಾಡಿದ್ದು ಯಾಕೆ? ಬೈಲು ಮೊದಲೇ ಬೇರೆಯವರ ಹೆಸರಿಗೆ ಹೋಗಿತ್ತು. 1927ರಲ್ಲಿ ಮಹಾಡಿನ ಕೆರೆಗೆ ಇಳಿದ ಅಂಬೇಡ್ಕರರು ಕೇಳಿದ್ದು ಮುಟ್ಟುವ ಹಕ್ಕು. ಇಲ್ಲಿ ಈಗ ಕೇಳಬೇಕಾದದ್ದು ಪಾಲು.

2015ರಲ್ಲೇ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನೂ ತಂದಿತು. ಚೀಟಿ ಹಿಡುವಳಿದಾರನ ಹೆಸರಿಗೆ. ಮಾದರಿ ಮಣ್ಣು ಅಗೆದ ಕೂಲಿಯವನಿಗೆ ಅಂದಿನ ಸಂಬಳ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಇದೆ. ಅದನ್ನು ಹಂಚಿ ಎಂದು ದಲಿತ ಸಂಘಟನೆಗಳು ವರ್ಷವರ್ಷವೂ ಧರಣಿ ಕೂರುತ್ತವೆ. ಈ ಸಂಚಿಕೆ ಓದುವ ಮಾಸ್ತರರಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ. ಮಾಹಿತಿ ಹಕ್ಕಿನಲ್ಲಿ ಆ ಜಮೀನಿನ ಸರ್ವೆ ನಂಬರುಗಳನ್ನು ಬರೆಸಿಕೊಳ್ಳಿ. ವಾರಾಹಿ ಕಾಲುವೆಯ ನಕ್ಷೆಯನ್ನೂ ತನ್ನಿ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ: ಎಷ್ಟು ನಂಬರಿಗೆ ನೀರು ಹತ್ತುತ್ತದೆ, ಎಷ್ಟು ನಂಬರಿನಲ್ಲಿ ಈಗ ಯಾರ ತೋಟ ಇದೆ. ಸಿಕ್ಕಿದ್ದನ್ನು ಬರೆದು ಕಳಿಸಿ.