ಮನೆಯಂಗಳದ ಆಕ್ವಾಪೋನಿಕ್ಸ್: ಕರಾವಳಿಯ ಸೆಕೆಯಲ್ಲಿ

ಆಕ್ವಾಪೋನಿಕ್ಸ್ ಒಂದೇ ನೀರಿನಲ್ಲಿ ಮೀನನ್ನೂ ತರಕಾರಿಯನ್ನೂ ಬೆಳೆಸುವ ಪದ್ಧತಿ. ಮೀನಿನ ತೊಟ್ಟಿಯ ನೀರು ಪಂಪಿನ ಮೂಲಕ ಜಲ್ಲಿ ತುಂಬಿದ ಪಾತಿಗೆ ಹೋಗುತ್ತದೆ, ಗಿಡಗಳ ಬೇರು ತೋಯಿಸಿ, ಸೋಸಿಕೊಂಡು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಇದಕ್ಕೆ ಮಣ್ಣು ಬೇಡ. ದಿನವೂ ಹೊರಗಿನಿಂದ ಕೊಡಬೇಕಾದದ್ದು ಮೀನಿನ ಆಹಾರ, ಮತ್ತು ಆವಿಯಾಗಿಯೋ ಗಿಡ ಹೀರಿಯೋ ಕಡಿಮೆಯಾದಷ್ಟು ನೀರು. ಮಂಗಳೂರು, ಉಡುಪಿ, ಕಾರವಾರದಂಥ ಊರುಗಳಲ್ಲಿ ವರ್ಷವಿಡೀ ಬೆಚ್ಚಗಿರುವುದರಿಂದ ಮೀನೂ ಗಿಡವೂ ಬೇಗ ಬೆಳೆಯುತ್ತವೆ. ಆದರೆ ಇಲ್ಲಿನ ಸೆಕೆ ನೀರಿನೊಳಗಿನ ಆಮ್ಲಜನಕವನ್ನು ಕಸಿಯುತ್ತದೆ. ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ತೊಟ್ಟಿ ಬೇಸಿಗೆಯ ಒಂದೇ ರಾತ್ರಿಯಲ್ಲಿ ಬರಿದಾಗಬಹುದು.

ಇಂದಿನ ರೂಪದ ಆಕ್ವಾಪೋನಿಕ್ಸ್ ಅಮೆರಿಕದಲ್ಲಿ ಬೆಳೆಯಿತು. 1980ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲಿ ಮಾರ್ಕ್ ಮೆಕ್‌ಮರ್ಟ್ರಿ ಮೀನಿನ ನೀರನ್ನು ಮರಳಿನ ಪಾತಿಗೆ ಹರಿಸಿ ತರಕಾರಿ ಬೆಳೆದರು. ನಮ್ಮ ಹವಾಮಾನಕ್ಕೆ ಹೆಚ್ಚು ಹತ್ತಿರದ ಪಾಠ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದ್ದು. ಅಲ್ಲಿನ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ ಮತ್ತು ಸಂಗಡಿಗರು ತಿಲಾಪಿಯ ಮೀನಿನ ಜೊತೆಗೆ ತೇಲುಹಲಗೆಗಳ ಮೇಲೆ ಬೆಂಡೆ, ಬೇಸಿಲ್ ತುಳಸಿ, ಲೆಟ್ಯೂಸ್ ಬೆಳೆದು, ದಿನಕ್ಕೆ ಎಷ್ಟು ಆಹಾರಕ್ಕೆ ಎಷ್ಟು ಪಾತಿ ಎಂಬ ಲೆಕ್ಕವನ್ನು ಗಟ್ಟಿ ಮಾಡಿದರು. ಮೀನು ಮತ್ತು ಬೆಳೆಯನ್ನು ಜೊತೆಗೂಡಿಸುವುದು ನಮ್ಮ ಕರಾವಳಿಗೂ ಹೊಸತಲ್ಲ. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ ಮತ್ತು ಮೀನು ಎಂಬ ಕ್ರಮ ತಲೆಮಾರುಗಳಿಂದ ಬಂದಿದೆ.

ಈ ಪದ್ಧತಿಯ ನಿಜವಾದ ಕೆಲಸಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಮೀನು ಮುಖ್ಯವಾಗಿ ಕಿವಿರಿನ ಮೂಲಕ ಅಮೋನಿಯ ಹೊರಬಿಡುತ್ತದೆ. ನೈಟ್ರೊಸೊಮೊನಾಸ್ ಮುಂತಾದವು ಅದನ್ನು ನೈಟ್ರೈಟ್ ಆಗಿಯೂ, ನೈಟ್ರೊಸ್ಪೈರ ಮುಂತಾದವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯ ಮತ್ತು ನೈಟ್ರೈಟ್ ಮೀನಿಗೆ ವಿಷ, ನೈಟ್ರೇಟ್ ಗಿಡಕ್ಕೆ ಆಹಾರ. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ಹೀಗೆ ಪಚನ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, ನೀರಿನ ಕ್ಷಾರಗುಣದಿಂದಲೂ ಸುಮಾರು 7 ಗ್ರಾಂ ಕರಗಿಹೋಗುತ್ತದೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡವರಿಗೆ ಕರಾವಳಿಯ ಬಹುಪಾಲು ತೊಂದರೆಗಳ ಕಾರಣ ತಾನಾಗಿಯೇ ಹೊಳೆಯುತ್ತದೆ.

ಮೊದಲನೆಯದು ಆಮ್ಲಜನಕ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಏರಿದಾಗ ಅದು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟವೂ ಬ್ಯಾಕ್ಟೀರಿಯಗಳ ಚಟುವಟಿಕೆಯೂ ಹೆಚ್ಚುತ್ತವೆ. ಅಂದರೆ ಆದಾಯ ಇಳಿದ ತಿಂಗಳಲ್ಲೇ ಖರ್ಚು ಏರಿದಂತೆ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ನೀರು ಆವಿಯಾಗುತ್ತಾ ತಾನೇ ತಣಿಯುತ್ತದೆ, ರಾತ್ರಿಯೂ ಸ್ವಲ್ಪ ತಂಪು ಸಿಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆವಿಯಾಗುವುದು ನಿಧಾನ, ತೊಟ್ಟಿ ರಾತ್ರಿಯಿಡೀ ಬೆಚ್ಚಗೇ ಉಳಿಯುತ್ತದೆ. ಕತ್ತಲಲ್ಲಿ ಪಾಚಿಯೂ ಆಮ್ಲಜನಕ ಬಿಡುವ ಬದಲು ಬಳಸುತ್ತದೆ. ಹಾಗಾಗಿ ನಸುಕಿನ ಹೊತ್ತಿಗೆ ಆಮ್ಲಜನಕ ಅತಿ ಕಡಿಮೆ. ಬೆಳಗ್ಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಅವು ಹಸಿದಿವೆ ಎಂದು ತಿಳಿದು ಆಹಾರ ಹಾಕಬಾರದು. ಅವು ಉಸಿರಿಗಾಗಿ ಒದ್ದಾಡುತ್ತಿರುತ್ತವೆ.

ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಕ್ಷೇಮ. ತೊಟ್ಟಿಯಷ್ಟು ನೀರು ಗಂಟೆಗೊಮ್ಮೆ ಪಾತಿಯನ್ನು ಸುತ್ತಿ ಬರುವಂಥ ಪಂಪು, ನೀರು ಎತ್ತರದಿಂದ ಚಿಮ್ಮಿ ಬೀಳುವ ಕೊಳವೆ, ಅದರ ಜೊತೆಗೆ ಗಾಳಿಗುಳ್ಳೆ ಬಿಡುವ ಏರ್ ಪಂಪ್ ಬೇಕು. ಗಾಳಿಮಳೆಗೆ ಕರೆಂಟು ಹೋಗುವ ಊರಿನಲ್ಲಿ ಈ ಏರ್ ಪಂಪಿಗೆ ಬ್ಯಾಟರಿ ಇರಲೇಬೇಕು. ಹಣ ಕಡಿಮೆಯಿದ್ದರೆ ತೊಟ್ಟಿಯನ್ನು ಚಿಕ್ಕದು ಮಾಡಬಹುದು, ಬ್ಯಾಟರಿಯನ್ನು ಬಿಡಬಾರದು.

ತೊಟ್ಟಿಗೆ ನೆರಳು ಕಡ್ಡಾಯ. ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಬಿಸಿಲು ಹೀರಿ ಕಾಯುತ್ತದೆ. ಹೊರಗೆ ಬಿಳಿ ಬಣ್ಣ ಬಳಿದರೆ, ಅರ್ಧದಷ್ಟು ನೆಲದಲ್ಲಿ ಹೂತರೆ ನೀರು ತಂಪಾಗಿರುತ್ತದೆ. ಹೂಳುವಾಗ ಬಾಯಿ ಮಾತ್ರ ಅಂಗಳದ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು, ಇಲ್ಲವಾದರೆ ಜೂನ್ ತಿಂಗಳ ಮಳೆನೀರು ನುಗ್ಗುತ್ತದೆ. ಪಾತಿಗೆ ಶೇ. 50ರ ನೆರಳು ಬಲೆ ಸಾಕು. ತಾರಸಿಯ ಮೇಲೆ ಕಟ್ಟುವ ಆಸೆ ಹಲವರಿಗಿರುತ್ತದೆ. ಭಾರತೀಯ ಮಾನಕದಂತೆ ಓಡಾಡುವ ತಾರಸಿಗೆ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಒಂದು ಅಡಿ ಆಳದ ಜಲ್ಲಿ ಪಾತಿಯೊಂದೇ ಚದರ ಮೀಟರಿಗೆ 450 ಕಿಲೊ ಮೀರುತ್ತದೆ, ತೊಟ್ಟಿಯ ನೀರಿನ ತೂಕ ಬೇರೆ. ಎಂಜಿನಿಯರನ್ನು ಕೇಳದೆ ಆ ಸಾಹಸ ಬೇಡ, ಅಂಗಳವೇ ಒಳ್ಳೆಯದು.

ಪಾತಿಗೆ ಗ್ರಾನೈಟ್ ಜಲ್ಲಿಯನ್ನು ಚೆನ್ನಾಗಿ ತೊಳೆದು ಹಾಕಬಹುದು. ಮುರಕಲ್ಲಿನ ಚೂರು ಸವೆದು ಕೆಸರಾಗುತ್ತದೆ. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ, ಅದು ಪಾತಿಗೆ ಆಗದು. ಜಲ್ಲಿಯ ಮೇಲಿನ ಎರಡು ಅಂಗುಲ ಸದಾ ಒಣಗಿರುವಂತೆ ನೀರಿನ ಮಟ್ಟ ಇಟ್ಟರೆ ಪಾಚಿಯೂ ಕಟ್ಟುವುದಿಲ್ಲ, ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ. ಮಲೇರಿಯಾ, ಡೆಂಗಿ ಕಂಡ ಊರಿನಲ್ಲಿ ಇದು ನೆರೆಹೊರೆಯವರ ಆರೋಗ್ಯದ ಪ್ರಶ್ನೆ.

ಎರಡನೆಯದು ಕ್ಷಾರಗುಣ. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬ್ಯಾಕ್ಟೀರಿಯಗಳು ಇದ್ದಬದ್ದ ಕ್ಷಾರವನ್ನೂ ಮುಗಿಸಿದಾಗ ಪಿಎಚ್ ಸರ್ರನೆ ಕುಸಿಯುತ್ತದೆ, 6ರ ಕೆಳಗೆ ಅವುಗಳ ಕೆಲಸವೇ ನಿಂತಂತಾಗುತ್ತದೆ. ಮಳೆನೀರು ಸೇರಿದರೆ ಕುಸಿತ ಇನ್ನೂ ಬೇಗ. ಕರಾವಳಿಯಲ್ಲಿ ಇದಕ್ಕೆ ಸುಲಭದ ಮದ್ದಿದೆ: ತಿಂದುಳಿದ ಮರುವಾಯಿ, ಬಳಚಿನ ಚಿಪ್ಪುಗಳನ್ನು ಬೇಯಿಸಿ ತೊಳೆದು, ಬಲೆಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿ ತೂಗುಬಿಡುವುದು. ನೀರು ಹುಳಿಯಾದಷ್ಟೂ ಚಿಪ್ಪು ಕರಗಿ ಅದನ್ನು ತಡೆಯುತ್ತದೆ. ಗುರಿ ಪಿಎಚ್ 6.8ರಿಂದ 7. ಅದಕ್ಕಿಂತ ಹೆಚ್ಚು ಏರಿಸುವುದೂ ಅಪಾಯವೇ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯದ ಶೇ. 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 7 ಮೀರುತ್ತದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಸೊಪ್ಪಿನ ಪಾತಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ, ಕಾಯಿ ಬಿಡುವ ಗಿಡಗಳಿಗೆ 50ರಿಂದ 80 ಗ್ರಾಂ ಮೀನಿನ ಆಹಾರ ಬೇಕು. ಬೆಳೆಯುವ ಮೀನು ದಿನಕ್ಕೆ ತನ್ನ ತೂಕದ ಸುಮಾರು ಶೇ. 2ರಷ್ಟು ತಿನ್ನುತ್ತದೆ ಎಂದಿಟ್ಟುಕೊಂಡರೆ, 2 ಚದರ ಮೀಟರ್ ಸೊಪ್ಪಿಗೆ ನಾಲ್ಕೈದು ಕಿಲೊ ಮೀನು ಸಾಕು. ಸಣ್ಣ ಘಟಕಕ್ಕೆ 1000 ಲೀಟರಿಗೆ 20 ಕಿಲೊ ಮಿತಿ ಎನ್ನುತ್ತಾರೆ. ಸೆಕೆಯ ಊರಿನಲ್ಲಿ ಅದರ ಅರ್ಧಕ್ಕೆ ನಿಲ್ಲಿಸುವುದು ಜಾಣತನ. ಹಾಗಾದರೆ ಈ ಲೆಕ್ಕಕ್ಕೆ 500 ಲೀಟರಿನ ತೊಟ್ಟಿ ಸರಿಹೋಗುತ್ತದೆ.

ತೊಟ್ಟಿ ತುಂಬಿದ ದಿನವೇ ಮೀನು ಬಿಡಬಾರದು. ನಲ್ಲಿ ನೀರಾದರೆ ಕ್ಲೋರಿನ್ ಹೋಗುವವರೆಗೆ ಒಂದೆರಡು ದಿನ ಗಾಳಿಯಾಡಿಸಬೇಕು. ಆಮೇಲೆ ಸ್ವಲ್ಪ ಅಮೋನಿಯ ಸೇರಿಸಿ, ಆರೋಗ್ಯವಾಗಿರುವ ಬೇರೊಂದು ಮೀನುತೊಟ್ಟಿಯ ಸೋಸುಕಲ್ಲುಗಳನ್ನು ತಂದು ಹಾಕಿ ಬ್ಯಾಕ್ಟೀರಿಯ ಬೆಳೆಸಬೇಕು. ಮೊದಲು ಅಮೋನಿಯ, ನಂತರ ನೈಟ್ರೈಟ್ ಏರಿ ಇಳಿಯುತ್ತವೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡಾಗ ಪಾತಿ ಸಿದ್ಧ. ಬೆಚ್ಚನೆಯ ನೀರಿನಲ್ಲಿ ಇದಕ್ಕೆ ಮೂರ್ನಾಲ್ಕು ವಾರ ಹಿಡಿಯುತ್ತದೆ.

ಗಿಡಗಳ ಆಯ್ಕೆಯಲ್ಲಿ ಕರಾವಳಿ ಶ್ರೀಮಂತ. ಲೆಟ್ಯೂಸ್ ಸೆಕೆಗೆ ಬೇಗ ಹೂಕೋಲು ಬಿಟ್ಟು ಕಹಿಯಾಗುತ್ತದೆ, ಕೊತ್ತಂಬರಿಯೂ ಅಷ್ಟೆ. ಹರಿವೆ, ಬಸಳೆ, ಒಂದೆಲಗ, ಪುದೀನ ಇಲ್ಲಿ ಹುಲುಸಾಗಿ ಬರುತ್ತವೆ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಬೆಂಡೆ, ಬದನೆ, ಮೆಣಸನ್ನು ಪಾತಿ ಹಳತಾದ ಮೇಲೆ ಹಾಕಬೇಕು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಚೀಲೇಟೆಡ್ ಕಬ್ಬಿಣವನ್ನು ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಕೊಡಬಹುದು. ಕೀಟನಾಶಕ ಸಿಂಪಡಿಸುವಂತಿಲ್ಲ, ಬೇವಿನ ಎಣ್ಣೆಯೂ ತೊಟ್ಟಿಗೆ ಇಳಿದರೆ ಮೀನಿಗೆ ಕೇಡು.

ಮಳೆಗಾಲದ ಮೋಡದಲ್ಲಿ ಗಿಡ ನಿಧಾನವಾಗುತ್ತದೆ, ನೈಟ್ರೇಟ್ ಉಳಿಯುತ್ತದೆ. ಆ ತಿಂಗಳುಗಳಲ್ಲಿ ಆಹಾರ ತಗ್ಗಿಸಬೇಕು.

ಮೀನಿನ ವಿಷಯದಲ್ಲಿ ಕಾಟ್ಲಾ, ರೋಹು ಕೆರೆಯ ಮೀನುಗಳು, ಸಣ್ಣ ತೊಟ್ಟಿಗೆ ಒಗ್ಗವು. ಸಾಮಾನ್ಯ ಗೆಂಡೆ ಅಥವಾ ಅಲಂಕಾರದ ಕೋಯಿ ಮೀನಿನಿಂದ ಆರಂಭಿಸುವುದು ಸುಲಭ. ಅನಾಬಸ್, ಪಂಗಾಸಿಯಸ್, ನಾಡಿನ ಮುಗುಡು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲವು. ಅವು ಬದುಕಿವೆ ಎಂದು ಏರ್ ಪಂಪ್ ನಿಲ್ಲಿಸಿದರೆ ಬ್ಯಾಕ್ಟೀರಿಯ ಸಾಯುತ್ತವೆ, ಬೇರು ಕೊಳೆಯುತ್ತದೆ. ಅನಾಬಸ್ ತೊಟ್ಟಿಯಿಂದ ಹತ್ತಿಳಿದು ಹೋಗುವ ಮೀನು, ಬಲೆ ಮುಚ್ಚಲೇಬೇಕು. ಮಿಂಚುಳ್ಳಿ, ಬೆಕ್ಕು, ನೀರೊಳ್ಳೆ ಹಾವಿನಿಂದಲೂ ಅದೇ ಕಾವಲು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ಭಾರತದಲ್ಲಿ ನಿಷಿದ್ಧ. 1952ರಲ್ಲಿ ದೇಶಕ್ಕೆ ಬಂದ ಮೊಜಾಂಬಿಕ್ ತಿಲಾಪಿಯ ಅನೇಕ ಕೆರೆ-ಹೊಳೆಗಳಲ್ಲಿ ನಾಡಮೀನುಗಳ ನೆಲೆ ಕಸಿದಿದೆ. ಇಂದು ತಿಲಾಪಿಯ ಸಾಕಲು ಅನುಮತಿ ಬೇಕು. ಯಾವ ಮೀನೇ ಇರಲಿ, ಮಳೆಗೆ ತುಂಬಿ ಹರಿಯುವ ನೀರಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಆ ನೀರನ್ನು ತೋಡಿಗೆ ಬಿಡದೆ ತೆಂಗಿನ ಬುಡಕ್ಕೆ ತಿರುಗಿಸಬೇಕು.