ಯೋಧರ ಆರೋಗ್ಯ ಮತ್ತು ತಪಾಸಣೆಯ ಇತಿಹಾಸ



ನೀವು ಕೊಪ್ಪ, ಶೃಂಗೇರಿ ಅಥವಾ ನರಸಿಂಹರಾಜಪುರದ ಕಡೆಯವರಾಗಿದ್ದರೆ, ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿರುವ ಹಿರಿಯರನ್ನು ಬಲ್ಲಿರಬಹುದು. ಸೇವೆಯಲ್ಲಿದ್ದಾಗ ಅವರ ಆರೋಗ್ಯದ ಹೊಣೆ ಸೈನ್ಯದ್ದಾಗಿತ್ತು. ಸಮವಸ್ತ್ರ ಕಳಚಿದ ಮೇಲೆ ಆ ಹೊಣೆ ಯಾರದು? ಹೊಣೆ ಹೊತ್ತವರು ಅದನ್ನು ಸರಿಯಾಗಿ ನಿರ್ವಹಿಸುತ್ತಿದ್ದಾರೆಯೇ ಎಂದು ನೋಡುವವರು ಯಾರು? ಎರಡನೆಯ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ.

1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದಾಗ, ಅಲ್ಲಿ ಗಾಯಗಳಿಗಿಂತ ಸೋಂಕುರೋಗಗಳಿಂದ ಸಾಯುವವರೇ ಹೆಚ್ಚಾಗಿದ್ದರು. 1855ರ ಮಾರ್ಚಿನಲ್ಲಿ ಬ್ರಿಟಿಷ್ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಕಟ್ಟಡದ ಕೆಳಗಿನ ಚರಂಡಿಗಳನ್ನು ತೊಳೆಸಿ, ಕೊಠಡಿಗಳಿಗೆ ಗಾಳಿ ಬರುವಂತೆ ಮಾಡಿಸಿತು. ಸಾವಿನ ಪ್ರಮಾಣ ಬೇಗನೆ ಇಳಿಯಿತು. ಒಳಗಿದ್ದವರಿಗೆ ರೂಢಿಯಾಗಿಹೋಗಿದ್ದ ದೋಷ ಹೊರಗಿನಿಂದ ಬಂದವರ ಕಣ್ಣಿಗೆ ಬಿದ್ದಿತ್ತು.

1859ರಲ್ಲಿ ಭಾರತದಲ್ಲಿದ್ದ ಸೈನ್ಯದ ನೈರ್ಮಲ್ಯ ಕುರಿತು ರಾಜ ಆಯೋಗವೊಂದು ನೇಮಕವಾಯಿತು. ದಂಡುಪ್ರದೇಶಗಳಿಂದ ಲಿಖಿತ ಮಾಹಿತಿ ತರಿಸಲಾಯಿತು. ಭಾರತಕ್ಕೆ ಎಂದೂ ಬಾರದ ನೈಟಿಂಗೇಲ್ ಆ ಮಾಹಿತಿಯನ್ನು ಕೂತು ವಿಶ್ಲೇಷಿಸಿದರು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ತಿಳಿಸಿತು. ನೀರು, ಚರಂಡಿ ಮತ್ತು ವಸತಿಯ ಸುಧಾರಣೆಗಳ ನಂತರ, 1873ರ ಹೊತ್ತಿಗೆ ಅದು ಸಾವಿರಕ್ಕೆ 18ಕ್ಕೆ ಇಳಿದಿತ್ತೆಂದು ಆಕೆ ಬರೆದರು.

ಇದೆಲ್ಲ ಸೇವೆಯಲ್ಲಿದ್ದ ಸೈನಿಕರ ಮಾತು. ನಿವೃತ್ತರ ವಿಷಯದಲ್ಲಿ ನಮ್ಮ ದೇಶದ ದೊಡ್ಡ ಹೆಜ್ಜೆ ಬಹಳ ತಡವಾಗಿ ಬಂತು. ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಇದರ ಪಾಲಿಕ್ಲಿನಿಕ್‌ಗಳಲ್ಲಿ ಹೊರರೋಗಿಗಳನ್ನು ಪರೀಕ್ಷಿಸಿ ಔಷಧ ಕೊಡುತ್ತಾರೆ. ಅಗತ್ಯವಿದ್ದರೆ ಮಾನ್ಯತೆ ಪಡೆದ ಆಸ್ಪತ್ರೆಗೆ ಕಳುಹಿಸುತ್ತಾರೆ. ಇಂದು ದೇಶದಲ್ಲಿ ಇಂಥ ಕೇಂದ್ರಗಳು 400ಕ್ಕೂ ಹೆಚ್ಚಿವೆ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿ ಮೊದಲಾದ ಕಡೆ ಇವೆ. 2015ರಲ್ಲಿ ಭಾರತದ ಮಹಾಲೇಖಪಾಲರು ಈ ಯೋಜನೆಯ ಬಗ್ಗೆಯೇ ಒಂದು ವರದಿ ಸಲ್ಲಿಸಿ, ಔಷಧ ಪೂರೈಕೆಯಲ್ಲಿಯೂ ಆಸ್ಪತ್ರೆ ಬಿಲ್ಲುಗಳ ಪರಿಶೀಲನೆಯಲ್ಲಿಯೂ ಇದ್ದ ಲೋಪಗಳನ್ನು ತೋರಿಸಿದರು.

ಹಾಗಾದರೆ ತಪಾಸಣೆ ಎಂದರೆ ಏನನ್ನು ನೋಡಬೇಕು? ಲಸಿಕೆಯ ಶೀತಕಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇದೆಯೇ? ಬಳಸಿದ ಸೂಜಿಗಳು ತೂತಾಗದ ಬಿಳಿ ಡಬ್ಬಿಗೆ ಬೀಳುತ್ತಿವೆಯೇ? ಅವಧಿ ಮೀರಿದ ಮಾತ್ರೆ ಕಪಾಟಿನಲ್ಲಿ ಉಳಿದಿದೆಯೇ? ಇವು ಕಣ್ಣಿಗೆ ಕಾಣುವ ಸಂಗತಿಗಳು. ಕಾಣದ ಸಂಗತಿಗಳೂ ಇವೆ. 2014ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯ ದಾಖಲೆಯಲ್ಲಿ, ಹೊಸ ರೋಗಿಗಳು ವೈದ್ಯರನ್ನು ಕಾಣಲು ಸರಾಸರಿ 24 ದಿನ ಕಾಯುತ್ತಾರೆ ಎಂದಿತ್ತು. ಅಲ್ಲಿನ ಸ್ವತಂತ್ರ ತನಿಖಾಧಿಕಾರಿಗಳು 226 ಮಂದಿಯ ಪ್ರಕರಣಗಳನ್ನು ಬಿಡಿಸಿ ನೋಡಿದಾಗ ಅದು 115 ದಿನಗಳಾಗಿತ್ತು! ಇನ್ನೂ 1,700 ಮಂದಿಯ ಹೆಸರು ಅಧಿಕೃತ ಕಾಯುವವರ ಪಟ್ಟಿಯಲ್ಲಿಯೇ ಇರಲಿಲ್ಲ. ಆ ಖಾತೆಯ ಸಚಿವರು ರಾಜೀನಾಮೆ ಕೊಡಬೇಕಾಯಿತು.

ಈ ಪಾಠವನ್ನು ನಮ್ಮ ಮಲೆನಾಡಿಗೆ ಅನ್ವಯಿಸಿ ನೋಡಿ. ಶೃಂಗೇರಿಯಿಂದ ಜಿಲ್ಲಾಕೇಂದ್ರ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರು. ಮಂಗಳೂರಿಗಾದರೆ ಘಟ್ಟ ಇಳಿಯಬೇಕು. ಮಂಡಿನೋವಿರುವ ಎಪ್ಪತ್ತರ ಹಿರಿಯರು ಆಷಾಢದ ಮಳೆಯಲ್ಲಿ, ರಕ್ತದೊತ್ತಡದ ಮಾತ್ರೆಗಾಗಿ ಅಷ್ಟು ದೂರ ಹೋಗದೆ ಸುಮ್ಮನಾದರೆ, ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಬಂದವರಿಗೆಲ್ಲ ಚಿಕಿತ್ಸೆ ದೊರೆತಿದೆ ಎಂದು ಪುಸ್ತಕ ಹೇಳುತ್ತದೆ. ಅದು ನಿಜವೇ, ಆದರೆ ಪೂರ್ಣ ನಿಜವಲ್ಲ.

ಪ್ರದೇಶಕ್ಕೆ ತಕ್ಕ ಪ್ರಶ್ನೆಗಳೂ ತಪಾಸಣೆಯಲ್ಲಿ ಸೇರಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು. ಉಣುಗುಗಳಿಂದ ಹರಡುವ ಈ ಜ್ವರದ ಕಾಲದಲ್ಲಿ, ರೋಗಿಯನ್ನು “ಕಾಡಿಗೆ ಹೋಗಿದ್ದಿರಾ?” ಎಂದು ಕೇಳದ ಚಿಕಿತ್ಸಾಲಯ, ದೆಹಲಿಯಲ್ಲಿ ಸಿದ್ಧವಾದ ನಮೂನೆಯಲ್ಲಿ ಪೂರ್ಣ ಅಂಕ ಪಡೆದರೂ ಇಲ್ಲಿಗೆ ಸುರಕ್ಷಿತವಲ್ಲ.

ನೈಟಿಂಗೇಲ್ ಎಣಿಸಿದ್ದು ಸತ್ತವರನ್ನು. ಫೀನಿಕ್ಸ್‌ನ ತನಿಖಾಧಿಕಾರಿಗಳು ಎಣಿಸಿದ್ದು ಕಾಯುತ್ತಿದ್ದವರನ್ನು. ನಮ್ಮ ಮೂರು ತಾಲ್ಲೂಕುಗಳಲ್ಲಿ ಎಣಿಸಬೇಕಾದದ್ದು ಬಾರದೆ ಉಳಿದವರನ್ನು. ನಿಮ್ಮ ಊರಿನ ಮಾಜಿ ಸೈನಿಕರನ್ನು ಮಾತನಾಡಿಸಿ. ಕಳೆದ ಸಲ ಔಷಧಕ್ಕಾಗಿ ಎಷ್ಟು ದೂರ ಹೋದರು, ಹೋಗದಿದ್ದರೆ ಏಕೆ ಹೋಗಲಿಲ್ಲ ಎಂದು ಕೇಳಿ, ದಿನಾಂಕದೊಡನೆ ಬರೆದಿಡಿ. ತಪಾಸಣೆ ಆರಂಭವಾಗುವುದು ಇಂಥ ಪ್ರಶ್ನೆಗಳಿಂದಲೇ.